ಮೇಲಿನ ಗೆರೆ, ದಪ್ಪ ತಂತಿ

ಹುಡುಗನನ್ನು ನೋಡಲು ಹೋದ ಲಾಸ್ಯಾಳಿಗೆ ಹುಡುಗ ಮೊದಲು ಕೊಟ್ಟಿದ್ದು ಕಾಫಿಯಲ್ಲ, ಜೆರಾಕ್ಸ್.

"ನೋಡಿ, ಐನೂರು ವರ್ಷ ಹಳೇದು," ಎಂದ ಮಹೇಶಕುಮಾರ, ಆರತಿ ತಟ್ಟೆ ಹಿಡಿದಂತೆ ಹಾಳೆ ಹಿಡಿದು.

ಆರು ಗೆರೆ, ಗೆರೆಗಳ ಮೇಲೆಲ್ಲ ಅಂಕಿ. ಜಾತಕವೇನೋ ಎಂದುಕೊಂಡಳು ಲಾಸ್ಯಾ. ಹುಡುಗ ಅಷ್ಟು ಹಳಬನಾಗಿಯೇನೂ ಕಾಣಲಿಲ್ಲ.

ಎಲ್ಲ ಟ್ಯಾಂಪಿನೀಸ್‌ನ ಅನಸೂಯ ಆಂಟಿಯ ಕಿತಾಪತಿ. ಸಿಂಗಾಪುರದಲ್ಲಿ ಒಂಟಿ ಕನ್ನಡಿಗರೇ ಉಳಿಯಬಾರದು ಎಂದು ಹರಕೆ ಹೊತ್ತವರು ಅವರು. ಲಾಸ್ಯಾಳಿಗೆ "ಗದಗದ ಹುಡುಗ, ಪಿಆರ್ ಆಗಿದೆ, ಇನ್ನು ಇಲ್ಲೇ ಇರ್ತಾನೆ, ಒಂದ್ಸಲ ನೋಡ್ಕೊಂಡು ಬಾ, ಸಂಜೆ ಏನಂತ ಹೇಳು" ಎಂದಿದ್ದರು. ಮಹೇಶನಿಗೆ "ನಿನ್ನ ಹಳೇ ಹಾಳೆ ನೋಡೋಕೆ ವೀಣೆ ನುಡಿಸೋ ಹುಡುಗೀನ ಕಳಿಸ್ತೀನಿ" ಎಂದಿದ್ದರು. ಇಬ್ಬರಿಗೂ ಸುಳ್ಳು ಹೇಳಿರಲಿಲ್ಲ, ನಿಜವನ್ನು ಅರ್ಧರ್ಧ ಹಂಚಿದ್ದರು, ಅಷ್ಟೆ.

ಸಂಜೆಯ ಉತ್ತರವನ್ನು ಲಾಸ್ಯಾ ಬರುವಾಗಲೇ ಸಿದ್ಧ ಮಾಡಿಕೊಂಡು ಬಂದಿದ್ದಳು: ಬೇಡ. ಈವರೆಗೆ ನೋಡಿದವರೆಲ್ಲ ಜಾಣರೇ. ಆದರೆ ಹುಟ್ಟಿದಂದಿನಿಂದ ಒಂದು ತಪ್ಪನ್ನೂ ಮಾಡದವರು. ಎಂಆರ್‌ಟಿಯಲ್ಲಿ ಉಲ್ಟಾ ರೈಲು ಹತ್ತಿಸಿ "ಇದೇ ಶಾರ್ಟ್‌ಕಟ್" ಎಂದವನೂ ಅವರಲ್ಲಿದ್ದ. ಇವನೇ ಕೊನೆಯವನು, ಆಮೇಲೆ ಈ ನೋಡುವ ಆಟವೇ ಸಾಕು.

"ವೀಣೆ ತಂದಿಲ್ವಾ?" ಕೇಳಿದ ಮಹೇಶ.

"ಫಸ್ಟ್ ಮೀಟಿಂಗ್‌ಗೇ ತರಬೇಕಿತ್ತಾ?" ರೇಷ್ಮೆ ಕುರ್ತಾದ ತೋಳು ಸರಿಮಾಡಿಕೊಳ್ಳುತ್ತ ಕೇಳಿದಳು. ಅವನ ಕಣ್ಣು ಕುರ್ತಾದ ಮೇಲೆ ಒಂದು ಕ್ಷಣ ನಿಂತು, ತಪ್ಪು ಮಾಡಿದಂತೆ ಹಾಳೆಗೆ ಓಡಿಹೋಯಿತು.

ಉಬಿ ಬಡಾವಣೆಯ ಫರ್ನಿಚರ್ ವರ್ಕ್‌ಶಾಪ್ ಒಂದರ ಮೇಲಿನ ಪುಟ್ಟ ರೂಮು ಅದು. ಕೆಳಗೆ ಗರಗಸ ಕಿರುಚುವುದರಿಂದ ಮೇಲೆ ಯಾರು ಏನು ನುಡಿಸಿದರೂ ಕಂಪ್ಲೇಂಟ್ ಬರುವುದಿಲ್ಲ. ಮಹೇಶನಿಗೆ ವಾರವೆಲ್ಲ ಚಾಂಗಿ ಕಡೆಯ ಆಫೀಸಿನಲ್ಲಿ ಕಂಪ್ಯೂಟರ್ ಕೋಡು, ಭಾನುವಾರ ಇಲ್ಲಿ ಹಾಡು. ಮೂಲೆಯಲ್ಲಿ ಅರ್ಧ ಸೀಳಿದ ಪೇರ್ ಹಣ್ಣಿನ ಆಕಾರದ ವಾದ್ಯ ಒರಗಿತ್ತು.

"ಇದು ಲ್ಯೂಟ್. ಅರಬ್ಬರ ಊದ್ ಇದಕ್ಕೆ ಅಜ್ಜಿ," ಎಂದ. "ಸಮುದ್ರ ದಾಟಿ ಯುರೋಪಿಗೆ ಹೋಯ್ತು. ಮೊದಮೊದಲು ಹಕ್ಕಿ ಗರಿಯಲ್ಲಿ ಮೀಟ್ತಿದ್ರು, ಒಂದ್ಸಲಕ್ಕೆ ಒಂದೇ ಸ್ವರ. ಆಮೇಲೆ ಯಾರೋ ಪುಣ್ಯಾತ್ಮರು ಗರಿ ಬಿಟ್ಟು ಬೆರಳಿಗೆ ಬಂದ್ರು. ಒಂದೇ ವಾದ್ಯದಲ್ಲಿ ಇಬ್ರು ಮಾತಾಡೋಕೆ ಶುರು."

"ಇಬ್ರೂ ಮಾತಾಡ್ತಾರಾ? ನಾನು ನೋಡಿದ ಕಡೆಯೆಲ್ಲ ಒಬ್ರೇ ಮಾತಾಡೋದು."

ಅವನು ನಕ್ಕ. ಕೆನ್ನೆಯಲ್ಲೊಂದು ಗುಳಿ ಬಿತ್ತು. ಲಾಸ್ಯಾ ಅದನ್ನು ಗಮನಿಸಲಿಲ್ಲ ಎಂದು ತನಗೇ ಹೇಳಿಕೊಂಡಳು.

ಕತೆ ಮುಂದುವರಿಯಿತು. ಆ ಹಾಳೆ ಎಲ್ಲಿಯದೆಂದು ಯಾರಿಗೂ ಗೊತ್ತಿಲ್ಲ. ಆರು ಗೆರೆ ಎಂದರೆ ಆರು ತಂತಿ, ಅಂಕಿ ಎಂದರೆ ಬೆರಳಿಡುವ ಮನೆ. ಆದರೆ ಮೇಲಿನ ಗೆರೆ ಯಾವ ತಂತಿ? ಇಟಲಿಯ ಹೆಚ್ಚಿನ ಕಡೆ ದಪ್ಪ ತಂತಿ, ನೇಪಲ್ಸ್‌ನ ಕೆಲವರಿಗೆ ಮಾತ್ರ ಸಣ್ಣ ತಂತಿ. ಇದು ನೇಪಲ್ಸ್‌ನದೇ ಎಂದು ಮಹೇಶ ವರ್ಷವಿಡೀ ಓದಿ, ಲೇಖನ ಬರೆದು, ಬರುವ ಶನಿವಾರ ಇಲ್ಲಿನ ಹಳೆಯ ಸಂಗೀತದ ಕೂಟದಲ್ಲಿ ಅದನ್ನೇ ಸಾರಲು ಹೊರಟಿದ್ದ.

"ನುಡಿಸಿ ನೋಡೋಣ," ಎಂದಳು.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ಹಾಡುತ್ತಾಳೆ. ಇಲ್ಲಿ ಹುಡುಗ ನುಡಿಸಿದ. ಕೆಳಗಿನ ಗರಗಸವೇ ವಾಸಿ ಎನ್ನಿಸಿತು.

"ಐನೂರು ವರ್ಷದ ಹಿಂದೆ ಹೀಗೇ ಇತ್ತೇನೋ," ಎಂದ ಪಾಪ, ತಾನೇ ನಂಬದೆ.

"ಐನೂರು ವರ್ಷದ ಹಿಂದೆಯೂ ಜನಕ್ಕೆ ಕಿವಿ ಇತ್ತು ರೀ." ಅವಳು ಹಾಳೆ ಎಳೆದುಕೊಂಡಳು. "ಈ ಮೇಲಿನ ಗೆರೆ ನೋಡಿ, ಒಂದೇ ಅಂಕಿ ಮತ್ತೆ ಮತ್ತೆ. ನಿಂತಿರೋ ಸ್ವರ, ನಮ್ಮ ಶ್ರುತಿ ಇದ್ದ ಹಾಗೆ. ನೀವು ಅದನ್ನ ಸಣ್ಣ ತಂತಿಗೆ ಕೊಟ್ಟು ಕೀಚು ಕೀಚು ಅನ್ನಿಸ್ತಿದ್ದೀರಿ. ಹಾಡು ಪಾಪ ದಪ್ಪ ತಂತೀಲಿ ಗೊಣಗ್ತಿದೆ."

ಅವನಿಂದ ಲ್ಯೂಟ್ ಕಿತ್ತುಕೊಂಡು ಮಡಿಲಲ್ಲಿಟ್ಟು ಬಗ್ಗಿದಳು. "ಮೇಲಿಂದ ನೋಡಿದ್ರೆ ನನ್ನ ಹತ್ರ ಇರೋದು ದಪ್ಪ ತಂತಿ. ಬರೆದವನು ನುಡಿಸ್ತಾ ತನ್ನ ಕಣ್ಣಿಗೆ ಕಂಡ ಹಾಗೇ ಬರೆದಿದ್ದಾನೆ. ಮೇಲಿನ ಗೆರೆ ದಪ್ಪ ತಂತಿ. ನಿಮ್ಮ ಹಾಳೆ ನೇಪಲ್ಸ್‌ದಲ್ಲ."

ಆಂಟಿಗೆ "ಬೇಡ" ಎಂದು ಬರೆಯಲು ಲಾಸ್ಯಾ ಫೋನಿಗೆಂದು ಬ್ಯಾಗಿಗೆ ಕೈ ಹಾಕಿದಳು. ಮುಂದಿನದು ಅವಳಿಗೆ ಬಾಯಿಪಾಠ: ಮೊದಲು ನಗು, ಆಮೇಲೆ "ನಿಮಗೆ ಇದೆಲ್ಲ ಗೊತ್ತಾಗಲ್ಲ", ಆಮೇಲೆ ಗೂಗಲ್.

ಮಹೇಶ ಲ್ಯೂಟ್ ತೆಗೆದುಕೊಂಡ. ಹಾಳೆಯನ್ನು ಹತ್ತಿರ ಎಳೆದುಕೊಂಡು, ಈಗಷ್ಟೇ ಅಕ್ಷರ ಕಲಿತವನಂತೆ ತಡವರಿಸುತ್ತ ಮೀಟಿದ. ಕೆಳಗೆ ಒಂದು ಸ್ವರ ನೆಲದಂತೆ ನಿಂತಿತು. ಅದರ ಮೇಲೆ ಪುಟ್ಟದೊಂದು ಹಾಡು ಎದ್ದು, ಎರಡು ಹೆಜ್ಜೆ ಹಾಕಿ, ನಾಚಿ, ಮತ್ತೆ ಹೆಜ್ಜೆ ಹಾಕಿತು.

ಅವನ ಬೆರಳು ನಿಂತಾಗ ಕಣ್ಣು ತುಂಬಿತ್ತು.

"ಯವ್ವಾ, ಎಷ್ಟ ಚಂದ ಐತ್ರೀ ಇದು!" ಆಫೀಸಿನ ಬೆಂಗಳೂರು ಕನ್ನಡ ಕಳಚಿ ಗದಗ ಹೊರಬಂದಿತ್ತು. "ವರ್ಷಪೂರ್ತಿ ನನ್ನ ಮುಂದ ಕುಂತಿತ್ತು. ನಾನ ಮಾತಾಡಾಕ ಬಿಟ್ಟಿರಲಿಲ್ಲ."

"ಲೇಖನ?" ಮೆಲ್ಲಗೆ ಕೇಳಿದಳು.

"ಹೋತು. ಹೋಗ್ಲಿ ಬಿಡ್ರಿ." ನಂತರ ಅವಳತ್ತ ತಿರುಗಿ ಕೈ ಜೋಡಿಸಿದ, ನಾಟಕವಿಲ್ಲದೆ. "ಥ್ಯಾಂಕ್ಸ್ ರೀ. ನೀವು ಬರದಿದ್ರ ಶನಿವಾರ ಐವತ್ತು ಮಂದಿ ಮುಂದ ಈ ಪಾಪದ ಹಾಡನ್ನ ಕೊಲೆ ಮಾಡ್ತಿದ್ದೆ."

ಬ್ಯಾಗಿನೊಳಗಿದ್ದ ಲಾಸ್ಯಾಳ ಕೈ ಬರಿದಾಗಿ ಹೊರಬಂತು. ತಪ್ಪೊಪ್ಪಿಕೊಳ್ಳುವ ಗಂಡಸು ಇಷ್ಟು ಚಂದ ಕಾಣುತ್ತಾನೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅನಸೂಯ ಆಂಟಿಗೆ ಮನಸ್ಸಿನಲ್ಲೇ ಅಡ್ಡಬಿದ್ದಳು.

"ಥ್ಯಾಂಕ್ಸ್ ನಾನೂ ಹೇಳ್ಬೇಕು," ಎಂದಳು. "ನಾನು ಹಾಳೆ ನೋಡೋಕೆ ಬಂದಿದ್ದಲ್ಲ ಮಹೇಶ್."

"ಮತ್ತೆ?"

"ಹುಡುಗನ್ನ ನೋಡೋಕೆ."

ಅವನು ಪಾಪ, ಹಿಂದೆ ತಿರುಗಿ ನೋಡಿದ. ಬೇರೆ ಹುಡುಗ ಇರಲಿಲ್ಲ. ವಿಷಯ ತಲೆಗಿಳಿಯುತ್ತಿದ್ದಂತೆ ಮುಖ ಕಿವಿಯವರೆಗೂ ಕೆಂಪಾಯಿತು.

"ಅಯ್ಯೋ! ಕಾಫಿ ಸೈತ ಕೊಡಲಿಲ್ಲಲ್ರೀ ನಾನು! ಈ ಟೀಶರ್ಟ್... ಮೇಲಿಂದ ಆ ಕೆಟ್ಟ ನುಡಿಸಾಣಿಕಿ..."

"ಬೇಡ ಅನ್ನೋಕೇ ಬಂದಿದ್ದೆ. ನಿಮ್ಮ ನುಡಿಸಾಣಿಕೆ ಕೇಳಿ ಗ್ಯಾರಂಟೀನೂ ಆಯ್ತು," ಅವಳು ತುಟಿ ಕಚ್ಚಿ ನಗು ತಡೆದಳು. "ಆಮೇಲೆ ನೀವು ಥ್ಯಾಂಕ್ಸ್ ಅಂದುಬಿಟ್ರಿ."

ಅವನು ತುಂಬ ಹೊತ್ತು ಅವಳನ್ನೇ ನೋಡಿದ. ಈ ಸಲ ಕಣ್ಣು ಎಲ್ಲಿಗೂ ಓಡಲಿಲ್ಲ.

"ಶನಿವಾರ ಎಲ್ರ ಮುಂದೆ ನನ್ನ ತಪ್ಪು ಹೇಳ್ತೀನಿ," ಎಂದ. "ನೀವು ಮುಂದಿನ ಸಾಲಲ್ಲಿ ಕೂತಿದ್ರೆ ಕೈ ನಡುಗಲ್ಲ."

"ಮುಂದಿನ ಸಾಲಲ್ಲಿ ಕೂರಲ್ಲ. ವೀಣೆ ತರ್ತೀನಿ, ಪಕ್ಕದಲ್ಲಿ ಕೂರ್ತೀನಿ."

"ಶನಿವಾರಕ್ಕೆ ಮಾತ್ರಾನಾ?"

"ಶನಿವಾರದಿಂದ," ಎಂದಳು ಲಾಸ್ಯಾ.