ಹೊಟ್ಟೆಕಿಚ್ಚಿನ ಸದ್ದು

ಅವಳ ಕೈಯಲ್ಲಿ ವಾದಿರಾಜನ ಬೆರಳಿತ್ತು!

ಬಾಗಿಲು ತಳ್ಳಿದ ಚೈತನ್ಯಾ ಹೊಸಿಲಲ್ಲೇ ನಿಂತುಬಿಟ್ಟಳು. ಒಂಬತ್ತು ವರ್ಷದ ಮಗಳು ಮೇಧಾಳನ್ನು ಕರೆದುಕೊಂಡು ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಇಲ್ಲಿ ನೋಡಿದರೆ, ದೀಪಾವಳಿಯಿಂದ ಮುಖ ತೋರಿಸದ ಗಂಡ, ಶಿವಮೊಗ್ಗದ ಈ ಕ್ಲಿನಿಕ್ಕಿನಲ್ಲಿ ಚೆಂದದ ಹೆಣ್ಣೊಬ್ಬಳಿಗೆ ಬೆರಳು ಒಪ್ಪಿಸಿ ನಗುತ್ತಿದ್ದಾನೆ! ಹೇಳಿ, ಯಾವ ಹೆಂಡತಿಗೆ ತಾನೇ ಮೈ ಉರಿಯುವುದಿಲ್ಲ?

"ಬನ್ನಿ ಮೇಡಂ. ನಾನು ಸೌಂದರ್ಯ, ಮಕ್ಕಳ ಥೆರಪಿಸ್ಟ್."

ಹೆಸರೂ ಅದೇ ಇರಬೇಕಾ!

"ಮಗು ಹೆದರಬಾರ್ದು ಅಂತ ಈ ಪಟ್ಟೀನ ಮೊದ್ಲು ನಾನೇ ಹಾಕ್ಕೊಂಡು ನೋಡ್ತಿದ್ದೆ," ವಾದಿರಾಜ ತಡಬಡಾಯಿಸಿದ.

"ನಾನೇನಾದ್ರೂ ಕೇಳಿದ್ನಾ?"

ಮೇಧಾಳದು ಕೈ ತೊಳೆಯುವ ಗೀಳು. ಚಿಲಕ ಮುಟ್ಟಿದರೆ ತೊಳೆಯಬೇಕು, ಪುಸ್ತಕ ಮುಟ್ಟಿದರೆ ತೊಳೆಯಬೇಕು, ಚರ್ಮ ಬಿರಿದು ರಕ್ತ ಜಿನುಗಿದರೂ ತೊಳೆಯಬೇಕು. ರವೀಂದ್ರನಗರದ ಅತ್ತೆಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಅನ್ನಲಿಲ್ಲ. "ಎಷ್ಟು ಮಡಿ ನಮ್ಮ ಪುಟ್ಟಿ!" ಎಂದು ಅತ್ತೆ ಸಾವಿತ್ರಮ್ಮ ಬಂದವರ ಮುಂದೆಲ್ಲ ಹೊಗಳಿದರು. ವಾದಿರಾಜ ಹೆಮ್ಮೆಯಿಂದ ನಕ್ಕ.

ಆ ನಗುವನ್ನು ಸಹಿಸಲಾರದೆ ಚೈತನ್ಯಾ ಮಗಳೊಂದಿಗೆ ಭದ್ರಾವತಿಯ ತವರಿಗೆ ಹೊರಟುಬಿಟ್ಟಳು. ಕರೆಯಲು ಬಂದೇ ಬರುತ್ತಾನೆ ಎಂದು ಕಾದಳು. ಅವನು ಬರಲಿಲ್ಲ... ಮಗುವನ್ನು ಈ ಕ್ಲಿನಿಕ್ಕಿಗೆ ಕರೆದುಕೊಂಡು ಬಾ ಎಂದು ಫೋನು ಮಾತ್ರ ಬಂತು.

ಯಾಕೆ ಅಂತ ಈಗ ಗೊತ್ತಾಯಿತಲ್ಲ!

ಸೌಂದರ್ಯ ಮೇಜಿನ ಮೇಲಿದ್ದ ಪುಟ್ಟ ಪೆಟ್ಟಿಗೆ ತೋರಿಸಿದಳು. "ಬಯೋಫೀಡ್‌ಬ್ಯಾಕ್ ಅಂತಾರೆ. ಈ ಪಟ್ಟಿ ಬೆರಳಿಗೆ ಕಟ್ಟಿದ್ರೆ, ಗಾಬರಿ ಆದಾಗ ಸದ್ದು ಏರುತ್ತೆ. ಉಸಿರು ನಿಧಾನ ಮಾಡಿದ್ರೆ ಇಳಿಯುತ್ತೆ. ಇದರಿಂದಲೇ ವಾಸಿ ಆಗುತ್ತೆ ಅಂತ ಹೇಳಲ್ಲ, ಪ್ರಯತ್ನ ಮಾಡೋಣ. ಕೈ ತೊಳೀದೆ ಇರೋ ಅಭ್ಯಾಸಾನೂ ಜೊತೆಗೆ ಮಾಡಿಸ್ತೀನಿ."

ಮೇಧಾ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟಳು. "ಅದನ್ನ ಯಾರ್ಯಾರೋ ಮುಟ್ಟಿದಾರೆ... ಅಮ್ಮ ಮೊದ್ಲು ಹಾಕ್ಕೊಳ್ಳಲಿ."

ಚೈತನ್ಯಾ ಬೆರಳು ನೀಡಿದಳು. ಪೆಟ್ಟಿಗೆ ಸಣ್ಣಗೆ ಗುಂಯ್‌ಗುಟ್ಟಿತು.

ಸೌಂದರ್ಯ ಹಿಂದಕ್ಕೆ ತಿರುಗಿ ಕೇಳಿದಳು, "ವಾದಿರಾಜ್, ಕೋಡುಬಳೆ ತಂದ್ರಾ?"

ಅವನು ಚೀಲದಿಂದ ಪೊಟ್ಟಣ ತೆಗೆದ. ಗಾಂಧಿ ಬಜಾರಿನ ಅದೇ ಅಂಗಡಿಯದು! ಮದುವೆಯಾದ ಹೊಸತರಲ್ಲಿ ಅತ್ತೆಯ ಕಣ್ಣು ತಪ್ಪಿಸಿ ತನಗೆಂದೇ ತರುತ್ತಿದ್ದ ಕೋಡುಬಳೆ... ಈಗ ಇವಳಿಗಾ?

ಕುಂಯ್ಯ್ಯ್ಯ್!

ಪೆಟ್ಟಿಗೆ ಕಿರುಚಿಕೊಂಡಿತು. ಚೈತನ್ಯಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಧಾ ಬೆರಗಾಗಿ ನೋಡಿದಳು. "ಅಮ್ಮಾ, ನಿಂಗೂ ಹೆದರಿಕೆ ಆಗುತ್ತಾ?"

ಸುಳ್ಳು ಹೇಳೋಣವೆಂದರೆ ಪೆಟ್ಟಿಗೆ ಸುಮ್ಮನಿರಬೇಕಲ್ಲ! "ಹೂಂ ಪುಟ್ಟಿ... ಆಗುತ್ತೆ."

"ಏನು ಹೆದರಿಕೆ?"

"ನನ್ನೋರು ಇನ್ನು ನನ್ನೋರಲ್ವೇನೋ ಅಂತ."

ವಾದಿರಾಜ ತಟ್ಟನೆ ತಲೆಯೆತ್ತಿದ. ಸೌಂದರ್ಯಳಿಗೆ ಎಲ್ಲ ಅರ್ಥವಾಯಿತು.

"ಮೇಡಂ, ಕೋಡುಬಳೆ ಮೇಧಾಗೆ. ಕೈ ತೊಳೀದೆ ತಿನ್ನೋದೇ ಇವತ್ತಿನ ಪಾಠ. ಅವಳಿಗೆ ಏನಿಷ್ಟ ಅಂತ ಕೇಳಿದ್ರೆ ನಿಮ್ಮ ಯಜಮಾನ್ರು, 'ಅವಳಮ್ಮನಿಗೆ ಇಷ್ಟವಾದದ್ದೇ' ಅಂದ್ರು."

ಚೈತನ್ಯಾಳ ಕಣ್ಣು ತುಂಬಿ ಬಂತು. "ಬಾ ಪುಟ್ಟಿ, ಇಬ್ಬರೂ ಹೆದರಿಕೆ ಇಳಿಸೋಣ," ಎಂದು ನಿಧಾನವಾಗಿ ಉಸಿರೆಳೆದಳು. ಸದ್ದು ಇಳಿಯತೊಡಗಿತು. ಮೇಧಾ ಹತ್ತಿರ ಬಂದಳು. ಆಮೇಲೆ ತಾನಾಗಿಯೇ ಬೆರಳು ಚಾಚಿದಳು.

ಪಟ್ಟಿ ಕಟ್ಟಿದೊಡನೆ ಸದ್ದು ಜೋರಾಯಿತು. ತೊಳೆಯದ ಕೈಯಲ್ಲೇ ಅವಳು ಕೋಡುಬಳೆ ಎತ್ತಿಕೊಂಡಳು. ಅಮ್ಮ, ಮಗಳು ಮತ್ತೆ ಮತ್ತೆ ಉಸಿರೆಳೆದು ಬಿಟ್ಟರು. ಸದ್ದು ಪೂರ್ತಿ ಇಳಿಯಲಿಲ್ಲ. ಆದರೂ ಮೇಧಾ ಕಣ್ಣು ಮುಚ್ಚಿ ಕಚ್ಚಿದಳು!

"ಕಟುಂ ಅಂತು ಅಮ್ಮಾ!" ಎಂದು ನಕ್ಕು ಉಳಿದದ್ದನ್ನು ಅಮ್ಮನ ಬಾಯಿಗಿಟ್ಟಳು. ಚೈತನ್ಯಾ ಕಚ್ಚಿ, ಮಿಕ್ಕ ಚೂರನ್ನು ಗಂಡನತ್ತ ಚಾಚಿದಳು. ಮಡಿವಂತರ ಮನೆಮಗ... ತಿನ್ನುತ್ತಾನಾ?

"ಅಪ್ಪಾ, ಎಂಜಲು!" ಮೇಧಾ ಕೂಗಿದಳು.

"ಹೌದು ಪುಟ್ಟಿ," ಎಂದವನೇ ವಾದಿರಾಜ ಅದನ್ನು ಬಾಯಿಗೆ ಹಾಕಿಕೊಂಡ. "ಅವತ್ತು ನಾನು ನಕ್ಕಿದ್ದು ತಪ್ಪು, ಚೈತೂ. ಇನ್ನು ಮಗೂನ ಹಂಗೆ ಹೊಗಳಬೇಡ ಅಂತ ಅಮ್ಮಂಗೂ ಹೇಳಿದೀನಿ. ನಿನ್ನ ಕರೆಯೋಕೆ ನಂಗೆ ಮುಖ ಇರ್ಲಿಲ್ಲ... ಮನೆಗೆ ಬರ್ತೀಯಾ?"

"ಬರ್ತೀನಿ. ಮೊದ್ಲು ಆ ಬೆರಳು ಕೊಡಿ."

"ಯಾವ ಬೆರಳು?"

"ಕಂಡೋರ ಕೈಗೆ ಕೊಟ್ಟು ನಗ್ತಿದ್ರಲ್ಲ, ಅದೇ!"

ಅವನು ನಗುತ್ತ ಎಣ್ಣೆಯಂಟಿದ ಬೆರಳನ್ನು ಅವಳ ಅಂಗೈಯಲ್ಲಿಟ್ಟ. "ತಗೋ ಮಾರಾಯ್ತಿ, ನೀನೇ ಇಟ್ಕೋ. ತೊಳೆದಿಲ್ಲ ಮತ್ತೆ..."

ಚೈತನ್ಯಾ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ತೊಳೀಬೇಡಿ ರೀ. ಹಂಗೇ ಇರಲಿ."