ನಾಲ್ಕು ಕೈ ದಾಟಿದ ಗಾಡಿ

2025ರ ಆಗಸ್ಟ್ 4, ಶ್ರಾವಣ ಸೋಮವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮಾನ್ವಿ ಠಾಣೆಯ ಮೆಟ್ಟಿಲೇರಿ ಬಂದ ಯುವಕನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ತನಕ ಇಳಿದಿತ್ತು. ಒಂದು ಕೈಯಲ್ಲಿ ಒಡೆದ ಕಾಯಿಯ ಹೋಳು, ಇನ್ನೊಂದರಲ್ಲಿ ಹೆಲ್ಮೆಟ್.

"ಸರ್, ನನ್ನ ಗಾಡಿ ಹೋತ್ರಿ."

ಪಿಎಸ್‌ಐ ಹನುಮಂತ್ರಾಯ ಎದುರಿನ ಕುರ್ಚಿ ತೋರಿಸಿದ. ಕಾನ್‌ಸ್ಟೇಬಲ್ ಆಗಿ ಸೇರಿ ಮೂವತ್ತು ವರ್ಷಕ್ಕೆ ಈ ಮೇಜಿಗೆ ಬಂದವನು. ಚಿಕ್ಕಂದಿನಲ್ಲಿ ಶ್ರಾವಣ ಬಂತೆಂದರೆ ಅಪ್ಪನ ಪಕ್ಕ ಕೂತು ಮಠದ ಪುರಾಣವನ್ನು ಕೊನೆಯ ಮಂಗಳದವರೆಗೂ ಕೇಳುತ್ತಿದ್ದ. ಎದುರಿಗಿದ್ದವರು ಮುಗಿಸುವ ತನಕ ನಡುವೆ ಬಾಯಿ ಹಾಕದ ಅಭ್ಯಾಸ ಅಲ್ಲಿಂದಲೇ ಬಂದದ್ದು.

ಯುವಕನ ಹೆಸರು ಮೌನೇಶ, ವಯಸ್ಸು ಇಪ್ಪತ್ತಾರು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಗುಡಿಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಹೋಗಿ, ಅಭಿಷೇಕ ಮುಗಿಸಿ ಹೊರಗೆ ಬರುವಷ್ಟರಲ್ಲಿ ಗಾಡಿ ಇರಲಿಲ್ಲ. 2009ರ ಮಾಡೆಲ್, ಹಳದಿ ಬಣ್ಣದ ಸ್ಪೋರ್ಟ್ಸ್ ಬೈಕ್.

"ಈಗ ಅಂಥಾವು ಮಾಡೋದ ಇಲ್ರಿ ಸರ್. ಕಾರ್ಬುರೇಟರ್ ಹುಡುಕ್ಕೋತ ಹೈದರಾಬಾದಿಗೆ ಎರಡು ಸಲ ಹೋಗಿ ಬಂದೀನಿ. ಹೆಡ್‌ಲೈಟಿನ ಮುಖವಾಡ ಬಿರುಕು ಬಿಟ್ಟಿತ್ತು, ನಾನ ಕುಂತು ಹೊಲದೀನ್ರಿ, ತಂತಿ ಹಾಕಿ. ಅದರ ಸೌಂಡ್ ಕೇಳಿದ್ರ ಮೂರು ಓಣಿ ಆಚಿ ಮಂದಿ ಮೌನೇಶ ಬಂದ ಅಂತಾರ."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಬೀರೇಶ ಪೆನ್ನು ನಿಲ್ಲಿಸಿದ. "ಗಾಡಿ ಹೋತಂತ ಅಳಾಕತ್ತೀಯೋ, ಹೆಂಡ್ತಿ ಹೋದ್ಲಂತ ಅಳಾಕತ್ತೀಯೋ?"

"ಮದಿವಿ ಆಗಿಲ್ರಿ."

"ಆಗಾಂಗೂ ಇಲ್ಲ ಬಿಡು."

"ಹ್ಯಾಂಡಲ್ ಲಾಕ್ ಮಾಡಿದ್ದೇನು?" ಹನುಮಂತ್ರಾಯ ಕೇಳಿದ.

"ಮಾಡಿದ್ದೆರಿ. ಮತ್ತ ನಾನ್ ಬಿಟ್ರ ಅದು ಯಾರಿಗೂ ಚಾಲೂ ಆಗಾಂಗಿಲ್ರಿ. ಅರ್ಧ ಚೋಕ್ ಎಳೀಬೇಕು, ಎರಡು ಸಲ ಸೆಲ್ಫ್ ಒತ್ತಿ ಬಿಡಬೇಕು, ಒಂದೀಟು ತಡದು ಮೂರನೇ ಸಲ ಒತ್ತಬೇಕು. ಅವಸರ ಮಾಡಿದ್ರ ಪೆಟ್ರೋಲ್ ತುಂಬ್ಕೊಂಡು ಕುಂದರ್ತದ."

"ಆರ್‌ಸಿ ಯಾರ ಹೆಸರಿಗದ?"

ಮೌನೇಶ ತಲೆ ತಗ್ಗಿಸಿದ. "ರಾಯಚೂರಿನ ಕನಕರಾಯ ಅಂತ ಯಾರೋ ಅದಾರ್ರಿ. ನಾನು ನೋಡಿಲ್ಲ. ದೇವದುರ್ಗದ ಗಡಿಗೆಪ್ಪನ ಹತ್ರ ತಗೊಂಡಿದ್ದು. ಸಹಿ ಮಾಡಿದ ಫಾರಂ ಕೊಟ್ಟಾನ. ಹೆಸರು ಮಾಡಸ್ಕೋಬೇಕಂತಿದ್ದೆ, ಹಂಗ ಉಳೀತು."

ಎಂಟು ಐವತ್ತೈದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಕಳವಿನ ಎಫ್‌ಐಆರ್ ದಾಖಲಾಯಿತು.

ಗುಡಿಯ ಎದುರಿನ ಕಿರಾಣಿ ಅಂಗಡಿಯ ಕ್ಯಾಮೆರಾದಲ್ಲಿ ಏಳು ಇಪ್ಪತ್ತೆರಡರ ದೃಶ್ಯ ಸಿಕ್ಕಿತು. ನಲವತ್ತರ ಆಸುಪಾಸಿನ ಮನುಷ್ಯ, ಬಿಳಿ ಅಂಗಿ, ಹೆಗಲಿಗೆ ಟವೆಲ್. ನಡೆದು ಬಂದ. ಜೇಬಿನಿಂದ ಕೀಲಿ ತೆಗೆದ. ಬಗ್ಗಿ ನೋಡದೆಯೇ ಎಡಗೈ ಚೋಕ್ ಹುಡುಕಿಕೊಂಡಿತು. ಎರಡು ಸಲ ಸೆಲ್ಫ್ ಒತ್ತಿ ಸುಮ್ಮನೆ ನಿಂತ. ಮೂರನೆಯ ಸಲ ಒತ್ತಿದ, ಗಾಡಿ ಎದ್ದಿತು. ರಾಯಚೂರು ರಸ್ತೆಯತ್ತ ತಿರುಗಿದ.

ಹನುಮಂತ್ರಾಯ ಅದನ್ನು ಮೂರು ಸಲ ನೋಡಿದ.

"ಕಳ್ಳ ಆದವ ಆಕಡಿ ಈಕಡಿ ನೋಡ್ತಾನ, ಬೀರೇಶ. ಇವ ಗಾಡಿ ಒಂದನ್ನ ನೋಡಾಕತ್ತಾನ. ಇದನ್ನ ಹಿಂದ ಇಟ್ಕೊಂಡಿದ್ದ ಯಾವನೋ ಇವ. ಯಾರ್ಯಾರ ಕೈ ದಾಟ್ಯಾದ, ಗಡಿಗೆಪ್ಪನ್ನ ಕೇಳೋಣ ನಡಿ."

ದೇವದುರ್ಗದ ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಬೇವಿನ ಮರದ ಕೆಳಗೆ ಹನ್ನೆರಡು ಹಳೆಯ ಬೈಕುಗಳು ಸಾಲಾಗಿ ನಿಂತಿದ್ದವು. ಅದೇ ಗಡಿಗೆಪ್ಪನ ಅಂಗಡಿ. ಜೀಪು ನಿಂತಾಗ ಹನ್ನೊಂದು ಇಪ್ಪತ್ತು.

"ಬರ್ರಿ ಸಾಹೇಬ್ರ, ಬರ್ರಿ. ಚಾ ತರಸ್ಲೇನ್ರಿ?"

"ಚಾ ಬ್ಯಾಡ. ಮಾನ್ವಿ ಮೌನೇಶಗ ಮಾರಿದ ಹಳದಿ ಗಾಡಿ. ಹೆಸರು ಯಾಕ ಬದಲಾಯಿಸಿಲ್ಲ?"

"ನಾನೇನು ಓಡಿಸ್ತೀನೇನ್ರಿ, ಮಾರಾಂವ. ತಗೊಂಡವ ಮಾಡಸ್ಕೋತಾನ ಅಂತ ಬಿಡ್ತೀನಿ."

"ನಿನಗ ಮಾರಿದವ?"

"ಅವನೂ ಹಂಗ ಅಂದಿದ್ದನ್ರಿ."

"ಎಷ್ಟು ಕೈ ದಾಟ್ಯಾದ?"

ಗಡಿಗೆಪ್ಪ ಬೆರಳು ಮಡಚಿ ಎಣಿಸಿದ. "ರಾಯಚೂರಾಗ ಇಬ್ರು, ಆಮೇಲೆ ನಾನು. ಮೌನೇಶ ನಾಕನೇದವ. ಎಲ್ಲಾರೂ ಅದ ಫಾರಂ ಮ್ಯಾಲ ನಡಿಸ್ಯಾರ. ಇಲ್ಲಿ ಹಂಗ ನಡೀತದ್ರಿ ಸಾಹೇಬ್ರ, ನಿಮಗ ಗೊತ್ತಿಲ್ದ ಏನು?"

ಗೊತ್ತಿತ್ತು. ಮಾಲೀಕ ಒಮ್ಮೆ ಸಹಿ ಹಾಕುತ್ತಾನೆ, ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಡುತ್ತಾನೆ. ಆ ಖಾಲಿ ಜಾಗ ಗಾಡಿಯ ಜೊತೆ ಊರೂರು ತಿರುಗುತ್ತದೆ.

"ಎರಡನೇ ಕೀಲಿ?"

"ನನಗ ಬಂದಿದ್ದು ಒಂದ ಕೀಲಿರಿ."

ಬೀರೇಶ ಮೊಬೈಲಿನಲ್ಲಿ ಕ್ಯಾಮೆರಾದ ಚಿತ್ರ ತೋರಿಸಿದ. ಗಡಿಗೆಪ್ಪ ಕಣ್ಣು ಕಿರಿದು ಮಾಡಿದ.

"ಹದಿನೈದು ದಿನದ ಕೆಳಗ ಬಂದಿದ್ನಲ್ರಿ ಇವ! ಗಾಡಿ ಎಲ್ಲಿ ಅದ ಅಂತ ಅಷ್ಟ ಕೇಳಿದ. ಮಾನ್ವ್ಯಾಗ, ಮೌನೇಶನ ಹತ್ರ ಅಂದೆ. ಏನೋ ಕೊಟ್ಟವರಿಗೆ ಮುಗದಂಗ ಕೈ ಮುಗದು ಹೋದ. ಹೆಸರು ಕನಕರಾಯ ಅಂದ."

ಬೀರೇಶ ಎಫ್‌ಐಆರ್ ತೆಗೆದು ನೋಡಿದ. "ಸರ್, ಆರ್‌ಸಿ ಒಳಗಿನ ಹೆಸರ ಅದು."

"ಹೌದು," ಎಂದು ಹನುಮಂತ್ರಾಯ ಜೀಪು ಹತ್ತಿದ.

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿ, ಮಧ್ಯಾಹ್ನ ಒಂದು ಐವತ್ತು. ಬಾಗಿಲು ತೆರೆದವಳು ಕನಕರಾಯನ ಹೆಂಡತಿ ಸುನಂದಾ. ಖಾಕಿ ಕಂಡು ಬೆಚ್ಚಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು.

"ಈ ಸಲ ಯಾವ ಊರಾಗ ಗುದ್ಯಾದ್ರೀ?"

ಹನುಮಂತ್ರಾಯ ಹೊಸ್ತಿಲ ಹತ್ತಿರ ಬಂದ. "ಯಾಕವ್ವ ಹಂಗಂತಿ?"

ಅವಳು ಒಳಗಿನಿಂದ ಅಕ್ಕಿ ಚೀಲವೊಂದನ್ನು ತಂದು ಹೊಸ್ತಿಲ ಮೇಲೆ ಬಗ್ಗಿಸಿದಳು. ನೋಟಿಸುಗಳು, ಸಮನ್ಸುಗಳು, ಹೆಲ್ಮೆಟ್ ಇಲ್ಲದ ದಂಡದ ಚೀಟಿಗಳು. ಕನಕರಾಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. 2019ರಲ್ಲಿ ಗಾಡಿ ಮಾರಿದ್ದ. ಎರಡು ವರ್ಷದ ಹಿಂದೆ ದೇವದುರ್ಗದ ರಸ್ತೆಯಲ್ಲಿ ಆ ಗಾಡಿ ಒಬ್ಬ ಮುದುಕಿಗೆ ಬಡಿದು ನಿಲ್ಲದೆ ಹೋಯಿತು. ಓಡಿಸಿದವನು ಸಿಗಲಿಲ್ಲ. ನಂಬರ್ ಹಿಡಿದು ಬಂದವರು ಕನಕರಾಯನನ್ನು ಕರೆದೊಯ್ದರು. ಅವತ್ತು ಅವನು ಪಾಳಿಯಲ್ಲಿದ್ದ ಎಂದು ಗಿರಣಿಯವರು ಹಾಜರಿ ಪುಸ್ತಕ ತೋರಿಸುವ ತನಕ ಎರಡು ದಿನ ಠಾಣೆಯ ನೆಲದ ಮೇಲೆ ಕೂತ. ಆಮೇಲೆ ಒಂದು ಸರಗಳ್ಳತನದ ವಿಚಾರಣೆ. ಆಮೇಲೆ ಇನ್ನೊಂದು.

"ಹೆಸರು ತಗೀರಿ ಅಂತ ಎಲ್ಲಾ ಆಫೀಸಿಗೂ ತಿರಗ್ಯಾರ್ರಿ. ಎಲ್ಲಾ ಕಡಿ ಒಂದ ಮಾತು. ಗಾಡಿ ತಂದು ನಿಲ್ಸು, ಆಮೇಲೆ ರಿಜಿಸ್ಟ್ರೇಶನ್ ರದ್ದು ಮಾಡ್ತೀವಿ. ಇವತ್ತ ಗಿರಣಿಗಿ ರಜಾ ಹಾಕಿ ಮೊದಲನೇ ಬಸ್ಸಿಗೆ ಹೋದ್ರು. ಮುಗಿಸ್ಕೊಂಡ ಬರ್ತೀನಿ ಅಂದಾರ." ಚೀಲಕ್ಕೆ ಕಾಗದ ತುಂಬುತ್ತ ತಲೆಯೆತ್ತಿದಳು. "ಏನರ ತಪ್ಪಾತೇನ್ರಿ?"

"ಯಾವ ಆಫೀಸಿಗೆ ಹೋಗ್ಯಾನವ್ವ?"

"ಗಾಡಿ ಆಫೀಸಿಗೇರಿ."

ಸಾರಿಗೆ ಕಚೇರಿಯ ಅಂಗಳದಲ್ಲಿ, ಮರದ ನೆರಳಿಗೆ ಹಳದಿ ಗಾಡಿ ನಿಂತಿತ್ತು. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಕನಕರಾಯ ತೊಡೆಯ ಮೇಲೆ ಫೈಲು ಇಟ್ಟುಕೊಂಡಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ, ಎದ್ದು ನಿಂತ. ಆ ಮುಖದಲ್ಲಿ ಇದ್ದದ್ದು ಸಮಾಧಾನ.

"ಗಾಡಿ ತಂದೀನ್ರಿ ಸರ್."

ಸಮಯ ಎರಡು ಇಪ್ಪತ್ತೈದು.

"ಕೀಲಿ ಎಲ್ಲಿಂದ ಬಂತು?"

"ಮೊದಲಿಂದ ನನ್ನ ಹತ್ರಾನ ಇತ್ರಿ. ಶೋರೂಮಿನ್ಯಾಗ ಕೊಟ್ಟ ಎರಡನೇದು. ಮಾರುವಾಗ ಸಿಕ್ಕಿದ್ದಿಲ್ಲ, ಮುಂದ ಟ್ರಂಕಿನ್ಯಾಗ ಸಿಕ್ತು."

"ಮೌನೇಶನ್ನ ಕೇಳಿದ್ದೇನು?"

"ಕೇಳಿದ್ರ ಬಚ್ಚಿಡ್ತಾನ ಅಂತ ಅಂಜಿಕಿ ಆತ್ರಿ. ಹತ್ತು ವರ್ಷ ನಾನೂ ಇಟ್ಕೊಂಡಿದ್ದೆ ಅದನ್ನ. ಅದರ ಮ್ಯಾಲೆ ಕುಂತವ ಬಿಡಾಂಗಿಲ್ರಿ."

"ಕನಕರಾಯ, ಇದು ಕಳವು."

ಕನಕರಾಯ ಫೈಲು ಬಿಚ್ಚಿ ಆರ್‌ಸಿಯ ನಕಲು ತೋರಿಸಿದ. "ಸರ್, ನಂದ ಗಾಡಿ ನಾನ ಕದೀತೀನೇನ್ರಿ? ಆರು ವರ್ಷ ಎಲ್ಲಾರೂ ಗಾಡಿ ನಿಂದ, ನಿಂದ ಅಂದ್ರಿ. ಇವತ್ತ ತಗೊಂಡು ಬಂದ್ರ ನಿಂದಲ್ಲ ಅಂತೀರಿ."

"ಕಾಗದದಾಗ ನಿಂದು. ಕೈಯಾಗ ಅವನದು. ಅವನು ರೊಕ್ಕ ಕೊಟ್ಟು ತಗೊಂಡಾನ. ಅವನ ಕೈಯಿಂದ ಹೇಳದ ಕೇಳದ ತಗೊಂಡ್ರ, ಹೆಸರು ಯಾರದಿದ್ರೂ ಕಳವ."

ಕನಕರಾಯ ಕಚೇರಿಯ ಬಾಗಿಲ ಕಡೆ ನೋಡಿದ. "ಬಾಗಿಲು ತಗದಾಗಿಂದ ಕಾಯಾಕತ್ತೀನಿ, ಈಗ ಸಾಹೇಬ್ರು ಊಟಕ್ಕ ಹೋಗ್ಯಾರ್ರಿ. ಬಂದು ಚಾಸಿ ನಂಬರ್ ನೋಡಿ ಒಂದು ಸಹಿ ಮಾಡ್ತಾರ. ಅರ್ಧ ತಾಸು ನಿಲ್ರಿ ಸರ್. ಆಮೇಲೆ ಎಲ್ಲಿಗೆ ಕರದ್ರೂ ಬರ್ತೀನಿ. ಮುಂದ ನಾನ ನಡೀತೀನಿ."

ಬೀರೇಶ ಬೇರೆ ಕಡೆ ಮುಖ ತಿರುಗಿಸಿದ. ಹನುಮಂತ್ರಾಯನ ಕಣ್ಣು ಗಡಿಯಾರದ ಮೇಲೆ ಹೋಯಿತು. ಅರ್ಧ ತಾಸು ದೊಡ್ಡದಲ್ಲ, ಮರದ ಕೆಳಗೆ ಒಂದು ಚಹಾ ಕುಡಿದರೆ ಮುಗಿಯುತ್ತದೆ. ಆದರೆ ಈ ಗಾಡಿ ಬೆಳಿಗ್ಗೆ ಎಂಟು ಐವತ್ತೈದರಿಂದ ಮುದ್ದೆಮಾಲು, ಕೇಸಿನ ಸಾಕ್ಷಿವಸ್ತು. ಅದರ ನೋಂದಣಿ ರದ್ದು ಮಾಡಿಸಲು ಬಿಟ್ಟರೆ ಸಾಕ್ಷಿ ಕೆಡಿಸಿದ ಕೇಸು ಇವನ ಮೇಲೂ ಬರುತ್ತದೆ, ತನ್ನ ಮೇಲೂ.

"ಆಗಾಂಗಿಲ್ಲಪಾ," ಎಂದ.

ಚಹಾದಂಗಡಿಯವನನ್ನೂ ಒಬ್ಬ ಏಜೆಂಟನನ್ನೂ ಪಂಚರಾಗಿ ಕರೆದು ಜಪ್ತಿ ಪಂಚನಾಮೆ ಶುರುವಾಯಿತು. ಬೀರೇಶ ಎಂಜಿನ್ ನಂಬರ್ ಬರೆದ, ಚಾಸಿ ನಂಬರ್ ಬರೆದ, ಬಣ್ಣ ಬರೆದ, ಮುಖವಾಡದ ತಂತಿ ಹೊಲಿಗೆಯನ್ನೂ ಬರೆದ. ಆಮೇಲೆ ನಿಂತ.

"ಸರ್, ವಾಹನದ ಮಾಲೀಕರು ಅನ್ನೋ ಕಡಿ ಏನು ಬರೀಲ್ರಿ?"

"ಆರ್‌ಸಿ ನೋಡಿ ಬರಿ."

"ಕನಕರಾಯ." ಬರೆದ. "ಆರೋಪಿ ಹೆಸರು?"

ಕನಕರಾಯನೇ ಹೇಳಿದ, "ಅದನ್ನ ಬರಿಯಪಾ."

ಮಾನ್ವಿ ತಲುಪಿದಾಗ ಐದು ಗಂಟೆ. ಗಾಡಿಯನ್ನು ಟೆಂಪೋದಿಂದ ಇಳಿಸುವ ಹೊತ್ತಿಗೆ ಮೌನೇಶ ಓಡಿಬಂದು ಟ್ಯಾಂಕ್ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದ.

"ಎಂದು ಕೊಡ್ತೀರಿ ಸರ್?"

"ಬಿಡಿಸ್ಕೊಳ್ಳಾಕ ಕೋರ್ಟಿಗೆ ಅರ್ಜಿ ಹಾಕ್ಬೇಕು. ಆರ್‌ಸಿ ಒಳಗ ಹೆಸರಿದ್ದಾವ ಹಾಕ್ಬೇಕು."

"ಅಂವ ಎಲ್ಲಿ ಅದಾನ್ರಿ?"

ಹನುಮಂತ್ರಾಯ ಒಳಗೆ ಬೆಂಚಿನ ಮೇಲೆ ಕೂತವನನ್ನು ತೋರಿಸಿದ. ಮೌನೇಶನ ಮುಖ ಕೆಂಪಾಯಿತು. ಸರಸರನೆ ಒಳಹೋದ, ಬೈಯಲೆಂದೇ ಹೋದ. ಬಾಯಿಂದ ಬಂದದ್ದು ಬೇರೆ.

"ಅದನ್ನ ನೀ ಹೆಂಗ ಚಾಲೂ ಮಾಡಿದಿ?"

"ಮೊದಲನೇ ದಿನದಿಂದ ಅದರ ಗುಣ ಅದು," ಎಂದ ಕನಕರಾಯ. "ಚಳಿಗಾಲದಾಗ ನಾಕು ಸಲ ಒತ್ತಬೇಕು, ತಮ್ಮಾ."

ಮೌನೇಶ ಎದುರಿನ ಬೆಂಚಿನ ಮೇಲೆ ಕುಸಿದ. ಗಾಡಿಯನ್ನು ಅಲ್ಲಿಂದ ಹೊರಡಿಸಲು ಇವನಿಂದಲೂ ಆಗುತ್ತಿರಲಿಲ್ಲ, ಅವನಿಂದಲೂ ಆಗುತ್ತಿರಲಿಲ್ಲ.

ಐದು ನಲವತ್ತಕ್ಕೆ ಬಂಧನದ ಮೆಮೊ ತಯಾರಾಯಿತು. ಫೋನಿನಲ್ಲಿ ಸುನಂದಾಗೆ ವಿಷಯ ತಿಳಿಸಿದರು. ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವುದು ಉಳಿದಿತ್ತು. ಹನುಮಂತ್ರಾಯ ಕುರ್ಚಿಯನ್ನು ಬೆಂಚಿನ ಹತ್ತಿರಕ್ಕೆ ಎಳೆದುಕೊಂಡ.

"ಆರು ವರ್ಷ ತಡಕೊಂಡಿ. ಈಗ ಯಾಕ?"

ಕನಕರಾಯ ಬಹಳ ಹೊತ್ತು ಅಂಗೈ ನೋಡಿಕೊಂಡ. ಹನುಮಂತ್ರಾಯ ಕಾದ.

"ಗಡಿಗೆಪ್ಪನ್ನ ಹುಡುಕ್ಕೋತ ದೇವದುರ್ಗಕ್ಕ ಹೋಗಿದ್ನಲ್ರಿ, ಅವತ್ತು ಆ ಮುದುಕೀನ್ನ ನೋಡಿ ಬಂದೆ. ಭೀಮವ್ವ ಅಂತ. ಕಾಲು ಕೂಡಿಲ್ಲ. ಗೋಣಿತಟ್ಟಿನ ಮ್ಯಾಲ ಕುಂತು ತೆವಳ್ಕೋತ ಬಾಗಿಲಿಗೆ ಬಂದ್ಲು. ಹೆಸರು ಹೇಳಿದೆ. ಕೋರ್ಟಿನ ಕಾಗದದಾಗ ಕೇಳ್ಯಾಳಲ್ರಿ, ಗುರ್ತು ಹಿಡದ್ಲು. ಬೈಲಿಲ್ಲ. 'ಯಾಕ ನಿಂದರಲಿಲ್ಲೋ ಯಪ್ಪಾ?' ಅಂದ್ಲು. ನಾನಲ್ಲಬೇ ಯವ್ವಾ ಅನ್ನಾಕ ಬಾಯಿ ಬರಲಿಲ್ರಿ. ನಾನು ಮನ್ಯಾಗಿದ್ರೂ ನನ್ನ ಹೆಸರು ರಸ್ತಿ ಮ್ಯಾಲ ತಿರಗಾಕತ್ತದ. ನಾಳಿ ಯಾರ ಮ್ಯಾಲ ಹೋಗ್ತದೋ ಯಾರಿಗೊತ್ತು."

ಹನುಮಂತ್ರಾಯ ಡೈರಿಯಲ್ಲಿ ಒಂದು ಸಾಲು ಬರೆದ: 'ವಾಹನ ಮತ್ತೆ ರಸ್ತೆಗೆ ಬಾರದಂತೆ ಮಾಡುವ ಉದ್ದೇಶದಿಂದ.' ಬರೆದು ಪುಸ್ತಕ ಮುಚ್ಚಿದ.

"ಇನ್ನ ಇದು ಯಾರ ಹೆಸರಿಗೆ ಇರ್ತದ್ರಿ?" ಕನಕರಾಯ ಕೇಳಿದ.

"ಕೇಸ್ ಮುಗಿಯೋತನ ನಿನ್ನ ಹೆಸರಿಗೇ."

"ಎಷ್ಟು ವರ್ಷ ಆಗ್ತದ್ರಿ?"

"ಹೇಳಾಕ ಬರಾಂಗಿಲ್ಲ."

"ಅಲ್ಲಿತನ ಎಲ್ಲಿ ಇಡ್ತೀರಿ?"

"ಇಲ್ಲೇ ಅಂಗಳದಾಗ. ಸರಪಳಿ ಹಾಕಿ."

"ಯಾರೂ ಅದನ್ನ ಓಡ್ಸಾಂಗಿಲ್ಲಲ್ರಿ? ನಿಮ್ಮವರೂ?"

"ಯಾರೂ ಮುಟ್ಟಾಂಗಿಲ್ಲ."

ಕನಕರಾಯ ಅದನ್ನು ಒಳಗೇ ಒಮ್ಮೆ ಹೇಳಿಕೊಂಡಂತೆ ತುಟಿ ಅಲುಗಿಸಿದ. ಬೆನ್ನನ್ನು ಗೋಡೆಗೆ ಕೊಟ್ಟು ಕಾಲು ಚಾಚಿದ.

"ಹಂಗಾರ ಎರಡು ರೊಟ್ಟಿ ತರಸ್ರಿ ಸರ್," ಎಂದ. "ಮುಂಜಾನಿಂದ ಏನೂ ತಿಂದಿಲ್ಲ."