ಅತಿಥಿ ಸತ್ಕಾರದ ಅವಧಿ

ಮಾನ್ವಿಯ ಅಕ್ಕಿ ಗಿರಣಿಯ ಮಾಲೀಕ ಅಂಬರೀಶನಿಗೆ ಇಥಿಯೋಪಿಯಾದ ಮೇಲೆ ದ್ವೇಷವಿರಲಿಲ್ಲ. ಅದು ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಆದರೆ ಅಲ್ಲಿಂದ ರಾಯಚೂರಿಗೆ ಕೃಷಿ ಓದಲು ಬಂದಿದ್ದ ತದೆಸೆ, ಗಿರಣಿಯ ‘ಶುದ್ಧ ಸೋನಾ ಮಸೂರಿ’ಯಲ್ಲಿ ಅರ್ಧ ರೇಷನ್ ಅಕ್ಕಿ ಎಂದು ಪತ್ತೆ ಮಾಡಿದ್ದ. ಪಾಪ, ತಾನೇ ಬಂದು ವಿನಯದಿಂದ ತಿಳಿಸಿಯೂ ಹೋಗಿದ್ದ. ಶ್ರಾವಣ ಮುಗಿದ ಮೇಲೆ ಕಾಲೇಜಿನ ಸಭೆಯಲ್ಲಿ ಅದರ ವರದಿ ಓದುವವನಿದ್ದ. ಓದಿದರೆ ಗಿರಣಿಗೆ ಬೀಗ.

ಹೊಡೆಸುವುದು ಅಂಬರೀಶನಿಗೆ ಒಗ್ಗದು. ಲಿಂಗಪೂಜೆ ತಪ್ಪಿಸದ ಮನುಷ್ಯ. ಕಾನೂನಿನ ದಾರಿಯೊಂದು ಅವನಿಗೆ ಸಿಕ್ಕಿತ್ತು. ವಿದ್ಯಾರ್ಥಿ ವೀಸಾ ಓದು ಮುಗಿಯುವ ತನಕವಲ್ಲ, ಬರೆದ ತಾರೀಖಿನ ತನಕ ಮಾತ್ರ. ನವೀಕರಿಸದೆ ಉಳಿದವನು ಅಪರಾಧಿ ಎಂದು ವಕೀಲ ಗೆಳೆಯನೊಬ್ಬ ಹೇಳಿದ್ದ. ವಿಚಾರಿಸಿ ನೋಡಿದರೆ, ತದೆಸೆಯ ತಾರೀಖು ಶ್ರಾವಣದ ನಡುವೆಯೇ ಬರುತ್ತಿತ್ತು. ಅಂದಮೇಲೆ ಬೆದರಿಕೆ ಯಾಕೆ? ಊಟ ಸಾಕು.

ಹಾಸ್ಟೆಲಿಗೆ ಹೋಗಿ ಕೈಮುಗಿದ. ತಪ್ಪು ತಿದ್ದಿಕೊಳ್ಳುತ್ತೇನೆ, ಶ್ರಾವಣದ ಪುರಾಣ ಕೇಳಲು ದೇವದುರ್ಗದ ನಮ್ಮ ತೋಟದ ಮನೆಗೆ ಬಾ ಎಂದ. ಅಲ್ಲಿ ಫೋನು ಸಿಗದು ಎಂದು ಮಾತ್ರ ಹೇಳಲಿಲ್ಲ. ವೀಸಾ ನವೀಕರಿಸಲು ಬೆಂಗಳೂರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕೆಂದು ಅಂಬರೀಶನ ತಿಳಿವಳಿಕೆ. ಹುಡುಗ ಹೊರಡುತ್ತೇನೆ ಎಂದಾಗಲೆಲ್ಲ ಅಂಬರೀಶನ ತಾಯಿ ಬಸವಂತಮ್ಮ ತಡೆಯುತ್ತಿದ್ದಳು.

“ಪುರಾಣ ಮಂಗಳ ಆಗೂತನಕ ಎದ್ದು ಹೋಗಬಾರ್ದೋ ಯಪ್ಪಾ. ನಮ್ಮ ಅಂಬರೀಶ ನೋಡು, ಕುಂತಲ್ಲೇ ತೂಕಡಿಸ್ತಾನ. ನೀ ತಿಳೀದಿದ್ರೂ ಎಷ್ಟು ಭಕ್ತೀಲೆ ಕೇಳ್ತಿ.”

ತಾಯಿಗೇ ತಿಳಿಯದಂತೆ ತಾಯಿಯನ್ನು ಸಂಚಿಗೆ ಸೇರಿಸಿಕೊಂಡ ತನ್ನ ಜಾಣತನಕ್ಕೆ ಅಂಬರೀಶ ತಾನೇ ತಲೆದೂಗಿದ. ಪಕ್ಕದಲ್ಲಿ ಕುಳಿತವರು ಅದನ್ನು ಭಕ್ತಿ ಎಂದುಕೊಂಡರು.

ತಾರೀಖು ದಾಟಿದ ಬೆಳಿಗ್ಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಠಾಣೆಗೆ ಹೋದ. ತದೆಸೆಯ ವೀಸಾ ಮುಗಿದಿದೆ, ದೇಶದ ಚಿಂತೆಯಲ್ಲಿ ತನಗೆ ನಿದ್ದೆಯಿಲ್ಲ ಎಂದು ಫೌಜದಾರ ಸ್ವಪ್ನಾ ಅವರಿಗೆ ವಿವರಿಸಿದ. ಅವರು ಕಂಪ್ಯೂಟರ್ ನೋಡಿದರು.

“ಅಂವ ಹಾಸ್ಟೆಲ್‌ದಾಗ ಇದ್ದಾಗನ ಆನ್‌ಲೈನ್ ಅರ್ಜಿ ಹಾಕ್ಯಾನ್ರಿ. ಇನ್ನೊಂದು ವರ್ಷ ಇರಾಕ ಮಂಜೂರಾಗ್ಯದ. ಈಗ ಎಲ್ಲಿದ್ದಾನ?”

ಅಂಬರೀಶ ಕೋಪ ನುಂಗಿ ಸಜ್ಜನಿಕೆಯ ಕಡೆ ವಾಲಿದ. “ನಮ್ಮ ಮನ್ಯಾಗ ಇಟ್ಕೊಂಡೀನ್ರಿ ಮೇಡಂ. ಶ್ರಾವಣ ಶುರುವಾದಾಗಿಂದ. ಬಾಡಿಗಿ ಇಲ್ಲ, ಊಟ ನಮ್ದ. ಒಬ್ಬರಿಗೂ ಹೇಳ್ಕೊಂಡಿಲ್ಲ.”

“ನಮಗೂ ಹೇಳಿಲ್ಲ,” ಎಂದು ಸ್ವಪ್ನಾ ಅವನಿಗೆ ಕುರ್ಚಿ ತೋರಿಸಿದರು. “ಕುಂದರ್ರಿ. ಅವನ್ನೂ ಕರಸ್ತೀನಿ. ನೀವು ಅವನ್ನ ಯಾಕ ಬಚ್ಚಿಟ್ರಿ ಅಂತ ಕೇಳಬೇಕಾಗ್ತದ.” ಮನೆಗೆ ಬಂದವರಿಗೆ ಯಾರನ್ನೂ ಕೇಳದೆ ಎಲೆ ಹಾಕುವುದು ಅಂಬರೀಶನ ಮನೆತನದ ಪದ್ಧತಿ. ಪರದೇಶದವನಾದರೆ ಮಾತ್ರ, ಪುಕ್ಕಟೆ ಇಟ್ಟುಕೊಂಡರೂ, ಬಂದ ಮರುದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಅಪರಾಧಿ ಅತಿಥಿಯಲ್ಲ, ಮನೆಯ ಯಜಮಾನ.